ಸುಣ್ಣದ ಕಂಪೌಂಡರು

ಎಲೆಗೆ ಸುಣ್ಣ ಹಚ್ಚುವವರನ್ನು ಕಂಡರೆ ನಾನು ಈಚೆಗೆ ಮುಖವನ್ನು ಬೇರೆ ಕಡೆ ತಿರುಗಿಸುತ್ತೇನೆ. ಮದುವೆಮನೆಯಲ್ಲಿ ಊಟವಾದ ಮೇಲೆ ತಟ್ಟೆ ಎದುರಿಗೆ ಬಂದರೆ ಎಲೆ ತೆಗೆದುಕೊಳ್ಳುತ್ತೇನೆ, ಅಡಿಕೆ ತೆಗೆದುಕೊಳ್ಳುತ್ತೇನೆ, ಸುಣ್ಣದ ಬಟ್ಟಲನ್ನು ಮಾತ್ರ ಪಕ್ಕದವರ ಕಡೆ ಸರಿಸುತ್ತೇನೆ. ಬಾಯಿ ಹುಣ್ಣಾಗಿದೆಯೇ ಎಂದು ಯಾರಾದರೂ ಕೇಳಿದರೆ ಹೌದೆಂದು ತಲೆಯಾಡಿಸುತ್ತೇನೆ. ಅದು ಸುಳ್ಳು. ಹುಣ್ಣಾದದ್ದು ನನ್ನ ಬಾಯಿಯಲ್ಲ, ಒಂದು ನಾಯಿಯದು. ಅದೂ ಹದಿನಾಲ್ಕು ವರ್ಷದ ಹಿಂದೆ.

ಈ ನಾಯಿಯ ಕಥೆಯನ್ನು ನೀವು ನನ್ನಿಂದಲೇ ಕೇಳಿರಬಹುದು. ದಾವಣಗೆರೆಯಲ್ಲಿ ನನ್ನನ್ನು ಬಲ್ಲವರಲ್ಲಿ ಅದನ್ನು ಕೇಳದವರು ಕಡಿಮೆ. ಕಾಲೇಜಿನ ಉಪಾಧ್ಯಾಯರ ಕೋಣೆಯಲ್ಲಿ ಹೊಸಬರು ಯಾರೇ ಬರಲಿ, ಒಂದು ವಾರದೊಳಗೆ ಯಾರಾದರೊಬ್ಬರು ‘ಆ ನಾಯಿ ಕಥೆ ಹೇಳಿ’ ಎನ್ನುತ್ತಿದ್ದರು, ನಾನು ಒಂದಿಷ್ಟು ನಾಚಿದಂತೆ ಮಾಡಿ ಹೇಳುತ್ತಿದ್ದೆ. ನೀವೂ ಕೇಳಿದ್ದರೆ ದಯವಿಟ್ಟು ಮರೆತುಬಿಡಿ. ಅದು ತಪ್ಪು ಎಂದು ನನಗೆ ಗೊತ್ತಾಗಿ ಎರಡು ತಿಂಗಳಾಯಿತು. ಬಿದ್ದ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿಲ್ಲ.

ನಾಯಿ ಬೆಕ್ಕುಗಳಿಗೆ ಆಹಾರ ಎಂಬ ಒಂದು ವಿಚಾರ ಇದೆಯೆಂದೇ ನಮಗೆ ಆಗ ತಿಳಿದಿರಲಿಲ್ಲ. ಉಳಿದದ್ದು ನಾಯಿಗೆ, ಚೆಲ್ಲಿದ್ದು ಬೆಕ್ಕಿಗೆ. ಅಷ್ಟರ ಮೇಲೆ ಅವು ಬದುಕಿದರೆ ಬದುಕಿದವು. ನಮ್ಮದು ಲಿಂಗಾಯತರ ಮನೆ. ಮನೆಯಲ್ಲಿ ಏನನ್ನು ಬೇಯಿಸುವುದಿಲ್ಲವೋ ಅದನ್ನು ಮನೆಯ ನಾಯಿಯೂ ಮೂಸಬಾರದು ಎಂಬುದು ನೀಲಮ್ಮತ್ತೆಯ ಕಟ್ಟಳೆ. ನೀಲಮ್ಮತ್ತೆ ಎಂದರೆ ನಮ್ಮಪ್ಪನ ಅಕ್ಕ. ಮಕ್ಕಳಿಲ್ಲದೆ ಗಂಡನನ್ನು ಕಳೆದುಕೊಂಡು ಲೋಕಿಕೆರೆಯಿಂದ ತವರಿಗೆ ಬಂದವಳು. ಅರಳೆ ಮಂಡಿಯಲ್ಲಿ ಇಪ್ಪತ್ತು ಜನರ ಮೇಲೆ ಕೂಗಾಡುತ್ತಿದ್ದ ನಮ್ಮಪ್ಪ ಇವಳೊಬ್ಬಳ ಮುಂದೆ ದನಿ ತಗ್ಗಿಸುತ್ತಿದ್ದ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಎಲೆಯಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಹಿತ್ತಲಿಗೆ ಬಂದಳೆಂದರೆ ಹಿತ್ತಲಿನ ಪ್ರಾಣಿಗಳೆಲ್ಲ ಅವಳ ಹಿಂದೆ.

ನಮ್ಮ ಹಿತ್ತಲಿನ ಗೋಡೆಯಾಚೆಗೆ ಖಾಸಿಂಸಾಬರ ಮಂಡಕ್ಕಿ ಭಟ್ಟಿ. ಅಲ್ಲಿನ ಬೆಚ್ಚನೆಯ ಹೊಟ್ಟಿನ ರಾಶಿಯಲ್ಲಿ ಒಂದು ಬೀದಿನಾಯಿ ಮರಿ ಹಾಕಿ ಸತ್ತುಹೋಯಿತು. ಉಳಿದ ಒಂದೇ ಒಂದು ಮರಿಯನ್ನು ಅತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಕಪ್ಪು ಬಿಳುಪಿನ ಮಚ್ಚೆಯ ಮರಿ. ಅಂಥ ಬಣ್ಣಕ್ಕೆ ಹಂಡ ಎನ್ನುತ್ತಾರಾದ್ದರಿಂದ ಅದರ ಹೆಸರೂ ಹಂಡ. ಹಂಡನಿಗೆ ಬೆಳಿಗ್ಗೆ ಮಜ್ಜಿಗೆಯಲ್ಲಿ ನೆನೆಸಿದ ಮಂಡಕ್ಕಿ, ಮಧ್ಯಾಹ್ನ ರೊಟ್ಟಿಯ ಚೂರು, ಸಂಜೆ ಮತ್ತೆ ಮಂಡಕ್ಕಿ. ಮಂಡಕ್ಕಿಯ ವಿಚಾರದಲ್ಲಿ ದಾವಣಗೆರೆಯವರಾದ ನಾವು ಬೇರೆಯವರ ಮಾತು ಕೇಳುವವರಲ್ಲ. ಜ್ವರಕ್ಕೆ ಮಂಡಕ್ಕಿ, ಹಸಿವಿಗೆ ಮಂಡಕ್ಕಿ, ಹೆಣ್ಣು ನೋಡಲು ಬಂದವರಿಗೆ ಮಂಡಕ್ಕಿ. ತಿಂದಷ್ಟು ಹೊತ್ತು ಹೊಟ್ಟೆ ತುಂಬಿದಂತಿರುತ್ತದೆ. ಒಳಗೆ ಹೋದದ್ದು ಮುಕ್ಕಾಲುಪಾಲು ಗಾಳಿ ಎಂಬುದನ್ನು ಮರಿಯ ಮೂಳೆಗೆ ಯಾರು ಹೇಳಬೇಕು?

ನಾಲ್ಕು ತಿಂಗಳಾಗುವ ಹೊತ್ತಿಗೆ ಹಂಡನ ಮುಂಗಾಲುಗಳು ಬಿಲ್ಲಿನಂತೆ ಬಾಗಿದವು. ಆಮೇಲೆ ಅದು ಎದ್ದು ನಿಲ್ಲುವುದನ್ನೇ ಬಿಟ್ಟಿತು. ಕೂತಲ್ಲೇ ಹೊಟ್ಟೆ ಎಳೆಯುತ್ತ ಅತ್ತೆಯ ಹಿಂದೆ ತೆವಳುತ್ತಿತ್ತು. ನಮ್ಮಪ್ಪ ಎರಡು ದಿನ ನೋಡಿದ, ಮೂರನೆಯ ದಿನ ಮುನಿಸಿಪಾಲಿಟಿಯವರನ್ನು ಕರೆಸುತ್ತೇನೆ ಎಂದ. ಮುನಿಸಿಪಾಲಿಟಿಯವರು ಬಂದರೆ ಏನು ಮಾಡುತ್ತಾರೆಂಬುದು ಊರಿಗೆಲ್ಲ ಗೊತ್ತಿತ್ತು. ಅವರ ಗಾಡಿಯಲ್ಲಿ ಒಂದು ವಿಷದ ಡಬ್ಬಿ ಇರುತ್ತಿತ್ತು. ಅತ್ತೆ ಒಂದು ತಿಂಗಳ ಗಡುವು ಕೇಳಿದಳು. ನಮ್ಮಪ್ಪ ಕೊಟ್ಟ.

ಇಲ್ಲಿಂದ ಮುಂದೆ, ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆ ಹೀಗಿದೆ. ದಾವಣಗೆರೆಯ ದನದ ಆಸ್ಪತ್ರೆಯಲ್ಲಿ ನಾಯಿಯನ್ನು ಮುಟ್ಟುವವರಿರಲಿಲ್ಲ. ಹರಿಹರದ ದನದ ಆಸ್ಪತ್ರೆಯ ಕಂಪೌಂಡರು ನಾಯಿ ಬೆಕ್ಕುಗಳನ್ನೂ ನೋಡುತ್ತಾರೆಂದು ಯಾರೋ ಹೇಳಿದರು. ನಮ್ಮ ಗೌರಕ್ಕನನ್ನು ಕೊಟ್ಟದ್ದೂ ಹರಿಹರಕ್ಕೇ. ಅತ್ತೆ ಮರಿಯನ್ನು ಮಂಡಕ್ಕಿ ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಸೀರೆ ಮುಚ್ಚಿ ರೈಲು ಹತ್ತಿದಳು. ಟಿಕೆಟು ನೋಡುವವನು ಬುಟ್ಟಿಯಲ್ಲೇನು ಎಂದದ್ದಕ್ಕೆ ಹಬ್ಬದ ಸಾಮಾನು ಎಂದಳಂತೆ. ಹಬ್ಬದ ಸಾಮಾನು ಒಳಗಿನಿಂದ ಕುಂಯ್ ಎಂದಿತಂತೆ. ಕಂಪೌಂಡರು ಮರಿಯ ಕಾಲು ಹಿಸುಕಿ ನೋಡಿ, ‘ಸುಣ್ಣ ಕಡಿಮೆ ಆಗೈತ್ರಿ ತಾಯಿ, ಸುಣ್ಣ ಕೊಡ್ರಿ’ ಎಂದರು. ಅವರು ಹೇಳಬೇಕಾಗಿದ್ದದ್ದು ಕ್ಯಾಲ್ಸಿಯಂ ಮಾತ್ರೆ. ಅತ್ತೆ ಮಾಡಿದ್ದು ಸಂಚಿಯಲ್ಲಿನ ಸುಣ್ಣದ ಡಬ್ಬಿ ತೆಗೆದು ಹಾಲಿಗೆ ಕಲಸಿದ್ದು. ಮರಿಯ ನಾಲಗೆ, ತುಟಿ, ಗಂಟಲೆಲ್ಲ ಬೆಂದುಹೋಯಿತು. ಅಷ್ಟರಲ್ಲಿ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬಂದೆ, ಮಾತ್ರೆಯ ಸೀಸೆ ತಂದೆ, ಹದಿನೈದು ದಿನ ಪುಡಿಮಾಡಿ ತಿನ್ನಿಸಿದೆ, ಹಂಡ ಎದ್ದು ಓಡಿತು. ಅಜ್ಞಾನ ಸೋತಿತು, ವಿಜ್ಞಾನ ಗೆದ್ದಿತು.

ಕಂಪೌಂಡರ ದನಿಯನ್ನು ನಾನು ಮೂಗಿನಲ್ಲಿ ಅನುಕರಿಸುತ್ತಿದ್ದೆ. ‘ಸುಣ್ಣ ಕೊಡ್ರಿ’ ಎನ್ನುವಾಗ ಎರಡು ಬೆರಳಿನಲ್ಲಿ ಸುಣ್ಣ ತೆಗೆದು ಎಲೆಗೆ ಹಚ್ಚುವ ಅಭಿನಯವೂ ಇತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅದನ್ನೇ ನಾಲ್ಕು ಪುಟ ಬರೆದುಕೊಟ್ಟೆ. ದೇವರು, ಜಾತಕ, ಶಕುನ, ವೃತ್ತಪತ್ರಿಕೆ ಯಾವುದನ್ನೂ ಸಾಕ್ಷ್ಯವಿಲ್ಲದೆ ನಂಬದವನೆಂದು ನನಗೆ ಹೆಸರು. ರಸಾಯನಶಾಸ್ತ್ರದ ಮೊದಲ ಪಾಠದಲ್ಲಿಯೇ ‘ಕೇಳಿದ್ದನ್ನು ನಂಬಬೇಡಿ, ನೋಡಿದ್ದನ್ನೂ ಎರಡು ಸಲ ನೋಡಿ’ ಎಂದು ಹುಡುಗರಿಗೆ ಹೇಳುತ್ತೇನೆ.

ಎರಡು ತಿಂಗಳ ಹಿಂದೆ ಹರಿಹರಕ್ಕೆ ಹೋಗಿದ್ದಾಗ ಗೌರಕ್ಕನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಸಾರಥಿ ಎಂಬ ಹಳ್ಳಿಯ ಕಡೆಯ ರೈತನೊಬ್ಬ ಕರು ಹೊಡೆದುಕೊಂಡು ಬಂದು, “ಸುಣ್ಣದ ಕಂಪೌಂಡ್ರ ಮನೆ ಯಾವ ಕಡೆ ಬರ್ತೈತ್ರಿ?” ಎಂದು ಕೇಳಿದ. ಸುಣ್ಣ ಸುಡುವ ಗೂಡಿನವರು ಯಾರೋ ಇರಬೇಕೆಂದುಕೊಂಡೆ. ಒಳಗಿನಿಂದ ಗೌರಕ್ಕ ಬಂದು, ಏನೂ ವಿಶೇಷವಿಲ್ಲವೆಂಬಂತೆ, ಎಡಕ್ಕೆ ಹೋಗಿ ಬಾವಿ ದಾಟಿ ಮೂರನೇ ಬಾಗಿಲು ಎಂದು ದಾರಿ ತೋರಿಸಿದಳು. ಯಾರದು ಎಂದು ನಾನು ಕೇಳಿದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

“ನಿನ್ನ ಕತೆ ಅಲ್ಲೇನೋ ಅದು. ನಿಮ್ಮ ಭಾವ ಅಂಗಡ್ಯಾಗೆ ಕುಂತು ಓದಿದ್ರು. ಪಕ್ಕದ ಜವಳಿ ಅಂಗಡಿ ವಿರೂಪಾಕ್ಷಪ್ಪ ಆವತ್ತೇ ಹೆಸರಿಟ್ಟ. ಈಗ ಊರಿಗೆಲ್ಲ ಅವರು ಸುಣ್ಣದ ಕಂಪೌಂಡ್ರೇ.”

ನನಗೆ ಮೊದಲು ಆದದ್ದು ಸಂತೋಷ ಎಂದು ಹೇಳಲು ನಾಚಿಕೆಯಾಗುತ್ತದೆ. ಬರೆದವನಿಗೆ ತನ್ನ ಮಾತು ಒಂದು ಊರಿನ ಬಾಯಲ್ಲಿ ನಿಂತಿದೆಯೆಂದು ತಿಳಿಯುವುದು ಸಣ್ಣ ವಿಷಯವಲ್ಲ. ಆ ಸಂತೋಷದಲ್ಲಿಯೇ, ಮನುಷ್ಯನನ್ನೊಮ್ಮೆ ನೋಡಿ ಬರೋಣವೆಂದು ಕರುವಿನ ಹಿಂದೆಯೇ ಹೊರಟೆ. ಆಗ ಇನ್ನೊಂದು ವಿಷಯ ತಲೆಗೆ ಹೊಳೆದು ಕಾಲು ನಿಧಾನವಾಯಿತು. ನಾನು ಇವರನ್ನು ಇದುವರೆಗೆ ನೋಡಿಯೇ ಇಲ್ಲ. ಅತ್ತೆ ಹರಿಹರಕ್ಕೆ ಹೋದಾಗ ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಹಾಗಿದ್ದರೆ ಹದಿನಾಲ್ಕು ವರ್ಷದಿಂದ ನಾನು ಮೂಗಿನಲ್ಲಿ ಅನುಕರಿಸುತ್ತಿರುವ ದನಿ ಯಾರದು?

ಮೂರನೆಯ ಬಾಗಿಲಿನ ಮೇಲೆ, ಗೋಡೆಯ ಮೇಲೆ ಬಿಳಿಯ ಕಲೆಗಳು ಒಂದರ ಮೇಲೊಂದು ಒಣಗಿದ್ದವು. ಹೋಳಿಯಲ್ಲಿ ಎಲ್ಲರ ಮನೆಗೆ ಬಣ್ಣ ಎರಚುವ ಹುಡುಗರು ಈ ಮನೆಗೆ ಮಾತ್ರ ಸುಣ್ಣದ ನೀರು ಎರಚುತ್ತಾರೆಂದು ಆಮೇಲೆ ಗೌರಕ್ಕ ಹೇಳಿದಳು. ಕಂಪೌಂಡರ ಕೆಲಸದಿಂದ ನಿವೃತ್ತರಾದ ತಿಪ್ಪಣ್ಣನವರು ಜಗಲಿಯಲ್ಲಿ ಕೂತು ಕರುವಿನ ಬಾಯಿ ಬಿಡಿಸಿ ನೋಡುತ್ತಿದ್ದರು. ತೆಳ್ಳಗಿನ ಮನುಷ್ಯ. ದನಿ ಎದೆಯಿಂದ ಬರುತ್ತಿತ್ತು, ಗಟ್ಟಿಯಾಗಿ, ನಿಧಾನವಾಗಿ. ಮೂಗಿನ ಸೋಂಕೇ ಇರಲಿಲ್ಲ.

ದಾವಣಗೆರೆ ಅರಳೆ ಮಂಡಿಯವರ ಮಗನೆಂದು ನಾನು ಹೇಳಿಕೊಂಡೆ. ಅವರು ಕರುವನ್ನು ಬಿಟ್ಟು ನನ್ನನ್ನು ನೋಡಿದರು.

“ನೀಲಮ್ಮನೋರ ಅಳಿಯನೇನ್ರಿ? ಕೂಡ್ರಿ. ಹಂಡ ಎಷ್ಟು ವರ್ಷ ಬದುಕ್ತು?”

ಹನ್ನೊಂದು ಎಂದೆ. ಅವರು ಬೆರಳು ಮಡಿಸಿ ಎಣಿಸಿದವರಂತೆ ಮಾಡಿ, ಒಳ್ಳೆಯ ಬಾಳು ಎಂದು ಖುಷಿಪಟ್ಟರು. ನಾನು ಆಗಲೂ ಬುದ್ಧಿ ಕಲಿಯಲಿಲ್ಲ. ಮುಗುಳ್ನಗುತ್ತ, ಆವತ್ತು ಸುಣ್ಣ ಕೊಡಲು ಹೇಳಿದಿರಲ್ಲ ಎಂದು ಮಾತು ತೆಗೆದೆ. ಅವರು ಸಿಟ್ಟಾಗಲಿಲ್ಲ. ಕೈಯನ್ನು ಟವೆಲಿನಿಂದ ಒರೆಸಿಕೊಂಡು, “ನಿಮ್ಮತ್ತೆ ಅದಾರಲ್ಲ? ಅವರನ್ನ ಒಂದ್ಸಲ ಕೇಳ್ರಿ” ಎಂದಷ್ಟೇ ಹೇಳಿ ಕರುವಿನ ಕಡೆ ತಿರುಗಿದರು.

ಮುಂದಿನ ರೈಲಿಗೇ ದಾವಣಗೆರೆಗೆ ಬಂದೆ. ಅತ್ತೆ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತು, ಹಂಡನಿಗೆ ಸುಣ್ಣ ಕೊಡಲು ಹೇಳಿದವರು ಯಾರು ಎಂದು ನೇರವಾಗಿ ಕೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಯಾಕೆ ಕೇಳುತ್ತೀ ಎಂದಳು. ತಿಪ್ಪಣ್ಣನವರನ್ನು ನೋಡಿ ಬಂದೆನೆಂದು ಹೇಳಿದೆ. ಆಗ ನಿಲ್ಲಿಸಿದಳು.

“ನೀನೇ ಬರೆದಿದ್ದೆಲ್ಲಪ್ಪ ಕಾರ್ಡ್‌ನಾಗೆ.”

ಇಲ್ಲ ಎಂದೆ. ಬಾಯಿಂದ ಆ ಮಾತು ಎಷ್ಟು ಬೇಗ ಬಂದಿತೆಂದರೆ ಯೋಚಿಸಿ ಹೇಳಿದ್ದಲ್ಲವೆಂದು ಅವಳಿಗೂ ತಿಳಿದಿರಬೇಕು. ಕಾರ್ಡು ಎಲ್ಲಿದೆ ತೋರಿಸು ಎಂದೆ. ಒಲೆಗೆ ಹಾಕಿದೆ ಎಂದಳು. ಹಾಗಾದರೆ ಸಾಕ್ಷ್ಯವೇನು ಎಂದು ಕೇಳಿದೆ, ಅರವತ್ತೈದು ವರ್ಷದ ಹೆಂಗಸನ್ನು. ಅವಳು ಕಣ್ಣು ಮುಚ್ಚಿಕೊಂಡು, ಅಕ್ಷರ ಬಾರದವರು ವಚನ ಒಪ್ಪಿಸುವ ಹಾಗೆ ಒಂದೇ ಉಸಿರಿನಲ್ಲಿ ಹೇಳಿದಳು: “ಮರಿಗೆ ಸುಣ್ಣದ ಕೊರತೆಯಾಗಿದೆ. ದಿನಕ್ಕೆ ಎರಡು ಬಾರಿ ಒಂದೊಂದು ಚಮಚ ಸುಣ್ಣವನ್ನು ಹಾಲಿನಲ್ಲಿ ಬೆರೆಸಿ ಕುಡಿಸತಕ್ಕದ್ದು.”

ನಮ್ಮತ್ತೆ ಜನ್ಮದಲ್ಲಿ ‘ಕುಡಿಸತಕ್ಕದ್ದು’ ಎಂದವಳಲ್ಲ. ನಮ್ಮ ಓಣಿಯಲ್ಲಿ, ನಮ್ಮ ಮಂಡಿಯಲ್ಲಿ, ಹದಡಿಯಿಂದ ಹರಿಹರದವರೆಗೆ ಹಾಗೆ ಮಾತಾಡುವವರು ಯಾರೂ ಇಲ್ಲ. ಹಾಗೆ ಬರೆಯುತ್ತಿದ್ದವನು ಒಬ್ಬನೇ. ಆಗ ಏಕೀಕರಣದ ಗಾಳಿ ಜೋರಾಗಿದ್ದ ಕಾಲ. ಹಾಸ್ಟೆಲಿನ ಕನ್ನಡ ಸಂಘದಲ್ಲಿ ನಾವು ಎಂಟು ಜನ, ಮನೆಗೆ ಬರೆಯುವ ಕಾಗದದಲ್ಲಿ ಒಂದೇ ಒಂದು ಇಂಗ್ಲಿಷ್ ಶಬ್ದವನ್ನೂ ಬಳಸುವುದಿಲ್ಲವೆಂದು ಆಣೆ ಮಾಡಿದ್ದೆವು. ಕ್ಯಾಲ್ಸಿಯಂ ಎಂಬುದಕ್ಕೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಸುಣ್ಣ ಎಂದೇ ಇತ್ತು. ಹಾಲಿನಲ್ಲಿ ಸುಣ್ಣವಿದೆ, ಮೂಳೆಯಲ್ಲಿ ಸುಣ್ಣವಿದೆ ಎಂದು ಬಾಯಿಪಾಠ ಮಾಡಿದವನು ನಾನು. ಔಷಧದಂಗಡಿಯಲ್ಲಿ ಸಿಗುವ ಬಿಳಿಯ ಪುಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಚ್ಚಕನ್ನಡದಲ್ಲಿ, ಎಲೆಯಡಿಕೆ ಹಾಕುವ ಹೆಂಗಸಿಗೆ ‘ಸುಣ್ಣ’ ಎಂದು ಬರೆದೆ.

ಬರೆದೆನೇ? ಈಗ ಕಣ್ಣುಮುಚ್ಚಿದರೆ ಆ ಕಾರ್ಡು ಕಾಣುತ್ತದೆ, ನೀಲಿ ಶಾಯಿ ಕಾಣುತ್ತದೆ, ‘ತಕ್ಕದ್ದು’ ಎಂಬಲ್ಲಿ ಒತ್ತಕ್ಷರ ಕೊಂಚ ಜಾರಿರುವುದೂ ಕಾಣುತ್ತದೆ. ಆದರೆ ಎಂದೂ ಕೇಳದ ದನಿಯೂ ನನಗೆ ಹದಿನಾಲ್ಕು ವರ್ಷ ಇಷ್ಟೇ ಸ್ಪಷ್ಟವಾಗಿ ಕೇಳಿಸಿತ್ತು. ಅತ್ತೆ ಹೇಳಿದ ಮೇಲೆ ಹುಟ್ಟಿದ ನೆನಪೋ, ಅವಳು ಹೇಳಿದ್ದರಿಂದ ಎದ್ದುಬಂದ ನೆನಪೋ ಗೊತ್ತಾಗುವುದಿಲ್ಲ.

ಉಳಿದದ್ದನ್ನು ಅತ್ತೆ ಒಂದೊಂದಾಗಿ ಹೇಳಿದಳು. ತಿಪ್ಪಣ್ಣನವರು ಮರಿಯನ್ನು ನೋಡಿದ ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆಯಂತೆ, ಇದಕ್ಕೆ ಏನು ಹಾಕುತ್ತೀರಿ ಎಂದು. ಮಂಡಕ್ಕಿ ಎಂದದ್ದಕ್ಕೆ ತಲೆ ಚಚ್ಚಿಕೊಂಡರಂತೆ. ಔಷಧಕ್ಕಿಂತ ಮೊದಲು ತಿನ್ನುವುದು ನೆಟ್ಟಗಾಗಬೇಕು. ಎಲುಬು ಕುದಿಸಿದ ರಸ, ಎಲುಬಿನ ಪುಡಿ, ದಿನಕ್ಕೊಂದು ತತ್ತಿ, ಬೆಳಗಿನ ಬಿಸಿಲು ಎಂದರಂತೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅತ್ತೆ ಶಿವ ಶಿವ ಎಂದು ಎದ್ದುಬಂದಳು. ಎಲುಬು ತತ್ತಿ ಬಿಟ್ಟು ಬೇರೆ ದಾರಿ ಇದ್ದರೆ ನನ್ನ ಅಳಿಯನಿಗೆ ಗೊತ್ತಿರುತ್ತದೆ ಎಂದುಕೊಂಡು ಅಂಚೆಯವನ ಕೈಯಲ್ಲಿ ನನಗೆ ಕಾಗದ ಬರೆಸಿದಳು. ನನ್ನ ಉತ್ತರ ಬಂತು. ಅಂಚೆಯವನಿಂದ ಮೂರು ಸಲ ಓದಿಸಿದಳು. ಅದಕ್ಕೇ ಬಾಯಿಪಾಠವಾಗಿತ್ತು.

“ಸುಣ್ಣ ಸುಡ್ತೈತೆ ಅಂತ ನಿನಗೆ ಗೊತ್ತಿರಲಿಲ್ವಾ ಅತ್ತೆ?” ಎಂದೆ. ತಪ್ಪನ್ನು ಇನ್ನೂ ಅವಳ ಕಡೆ ತಳ್ಳುವ ಆಸೆ.

“ಗೊತ್ತಿರದೇನು, ದಿನಾ ತಿಂಬೋಳು ನಾನು. ಓದಿದ ಹುಡುಗ ಬರದಾನೆ, ಹಾಲಿನಾಗೆ ಬೆರೆಸಿದ್ರೆ ಹೆಂಗೋ ಆಗ್ತೈತೇನೋ ಅಂದ್ಕಂಡೆ. ಕೈ ಬರಲಿಲ್ಲ. ನೀನು ಚಮಚ ಅಂದಿದ್ದೆ, ನಾನು ಬೆರಳ ತುದೀಲಿ ಅದ್ದಿ ಹಾಕಿದೆ. ನೀನು ಬರದಷ್ಟು ಹಾಕಿದ್ರೆ ಹಂಡ ಆವತ್ತೇ ಹೋಗ್ತಿತ್ತು.”

ಅವರೆಕಾಯಿಯ ಬುಟ್ಟಿಯ ಮೇಲೆ ನನ್ನ ಕೈ ಇತ್ತು. ಅದನ್ನು ಸರಿಸಿ ಬುಟ್ಟಿಯನ್ನು ಅವಳು ತನ್ನ ಕಡೆ ಎಳೆದುಕೊಂಡಳು.

ಬೆಂದ ಬಾಯಿಯ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಅತ್ತೆ ಮತ್ತೆ ಹರಿಹರಕ್ಕೆ ಓಡಿದ್ದಳು, ಕಾರ್ಡಿನ ಸಮೇತ. ತಿಪ್ಪಣ್ಣನವರು ಮರಿಯ ಬಾಯಿಗೆ ನೀರು ಬಿಟ್ಟು ಬಿಟ್ಟು ತೊಳೆದರು, ತುಪ್ಪ ಸವರಿದರು, ಆಮೇಲೆ ಕಾರ್ಡು ಓದಿದರು. ಅತ್ತೆ ಅವರ ಮುಂದೆ ಸೆರಗೊಡ್ಡಿದಳು. ನಮ್ಮಪ್ಪ ಆ ವರ್ಷ ನನ್ನ ಓದನ್ನು ಬಿಡಿಸಿ ಮಂಡಿಯಲ್ಲಿ ಕೂರಿಸಬೇಕೆಂದು ಕಾಯುತ್ತಿದ್ದ, ಒಂದು ನೆಪ ಸಿಕ್ಕರೆ ಸಾಕಿತ್ತು. ಮೈಸೂರಿನಲ್ಲಿ ಓದಿ ಕಲಿತದ್ದು ನಾಯಿ ಬಾಯಿ ಸುಡುವುದನ್ನೇ ಎಂದು ಅವನು ಕೇಳುತ್ತಿದ್ದನೆಂಬುದರಲ್ಲಿ ಅನುಮಾನವೇ ಇಲ್ಲ. ‘ನೀವು ಹೇಳಿದ್ದು ಅಂತ ಹೇಳ್ತೀನಿ, ಹುಡುಗನ ಓದು ಉಳೀಲಿ’ ಎಂದಳಂತೆ ಅತ್ತೆ. ಮುಖವನ್ನೇ ಕಾಣದ ಒಬ್ಬ ಹುಡುಗನಿಗಾಗಿ ಅವರು ಹೂಂ ಎಂದರಂತೆ. ಒಂದೇ ಒಂದು ಷರತ್ತು ಹಾಕಿದರಂತೆ: ಎಲುಬಿನ ರಸ ಕೊಡಬೇಕು.

ಅತ್ತೆ ಕೊಟ್ಟಳು. ಖಾಸಿಂಸಾಬರ ಹೆಂಡತಿ ಮಾಬೂಬಿ ಕುದಿಸಿದ ರಸವನ್ನು ಗೋಡೆಯ ಮೇಲಿಂದ ಇಳಿಸುತ್ತಿದ್ದಳು. ತತ್ತಿಯನ್ನು ನಮ್ಮತ್ತೆಯೇ ಒಡೆದು ಮಂಡಕ್ಕಿಗೆ ಕಲಸುತ್ತಿದ್ದಳು. ಕೊಟ್ಟ ಮೇಲೆ ಪ್ರತಿಸಲ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಆ ಬೇಸಿಗೆಯಲ್ಲಿ ನಾನು ರಜೆಗೆ ಬಂದಾಗ ಅತ್ತೆ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದದ್ದು ನನಗೆ ನೆನಪಿದೆ. ಸೆಖೆಗೆ ಎಂದುಕೊಂಡಿದ್ದೆ. ನಾನು ಬರುವ ಹೊತ್ತಿಗೆ ಹಂಡ ಆಗಲೇ ನಾಲ್ಕು ಕಾಲಿನ ಮೇಲೆ ನಿಂತು ಬಾಲ ಅಲ್ಲಾಡಿಸುತ್ತಿತ್ತಂತೆ. ನನ್ನ ಮಾತ್ರೆಗಳನ್ನು ಅದು ಒಂದೂ ನುಂಗದೆ ಉಗುಳುತ್ತಿತ್ತಂತೆ. ನನ್ನ ನೆನಪಿನಲ್ಲಿ ಅದು ತೆವಳುತ್ತಲೇ ಇತ್ತು, ನನ್ನ ಹದಿನೈದನೆಯ ಮಾತ್ರೆಗೆ ಎದ್ದಿತ್ತು.

ಇದೆಲ್ಲವನ್ನೂ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆ ಕಥೆಯನ್ನು ನಾನು ಮನೆಯ ಪಡಸಾಲೆಯಲ್ಲಿ, ಅವಳ ಎದುರಿನಲ್ಲೇ ಎಷ್ಟು ಸಲ ಹೇಳಿದ್ದೇನೆ. ಅವಳು ಸುಮ್ಮನೆ ಕೇಳುತ್ತಿದ್ದಳು, ಕೆಲವು ಸಲ ನಗುತ್ತಲೂ ಇದ್ದಳು.

“ಮೊದ್ಲು ನಿಮ್ಮಪ್ಪನ ಹೆದರಿಕೆ. ಆಮೇಲೆ ನೀನು ಅಷ್ಟು ಚೆಂದ ಹೇಳ್ತಿದ್ದೆ, ನಿನಗೆ ಗೊತ್ತಿದ್ದೇ ಮುಚ್ಚಿಡ್ತೀಯೇನೋ ಅಂದ್ಕಂಡೆ.”

ಈ ಮಾತು ಸುಣ್ಣಕ್ಕಿಂತ ಹೆಚ್ಚು ಸುಟ್ಟಿತು. ಏಕೆಂದರೆ ಅದು ಸುಳ್ಳೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ರಜೆಗೆ ಬಂದ ದಿನ ನಮ್ಮಪ್ಪ ‘ಹರಿಹರದವನು ಸುಣ್ಣ ಕೊಡಿಸಿದ್ದಾನೆ’ ಎಂದಾಗ ನನಗೆ ಆ ಕಾರ್ಡು ನೆನಪಾಗಲಿಲ್ಲವೇ? ನೆನಪಾದದ್ದನ್ನು ಕಥೆ ಮಾಡಿ ಮಾಡಿ ಹೂತೆನೇ? ಎಷ್ಟು ಅಗೆದರೂ ತಳ ಸಿಗುವುದಿಲ್ಲ.

ಮುಂದಿನ ಭಾನುವಾರ ತಿಪ್ಪಣ್ಣನವರ ಜಗಲಿಗೆ ಹೋಗಿ, ಬರುವಾಗ ರೈಲಿನಲ್ಲಿ ಕಟ್ಟಿಕೊಂಡ ಮಾತನ್ನೆಲ್ಲ ಮರೆತು, ತಪ್ಪಾಯಿತು ಎಂದೆ. ಅವರಿಗೆ ಮುಜುಗರವಾಯಿತು. ನೀಲಮ್ಮನವರು ಹೇಳಬಾರದಿತ್ತು ಎಂದರು. ಮೊದಲು ಅವರ ಮನೆ ಹುಡುಕುವವರು ನಾಲ್ಕು ಸಂದಿ ಸುತ್ತುತ್ತಿದ್ದರಂತೆ, ಈಗ ಸಣ್ಣ ಮಕ್ಕಳೂ ತೋರಿಸುತ್ತಾರಂತೆ. ಅದೊಂದು ಉಪಕಾರವೇ ಎಂದು ನಕ್ಕರು. ನಾನು ನಗಲಿಲ್ಲ. ಆಗ ಅವರೂ ನಗು ನಿಲ್ಲಿಸಿದರು.

“ಹೆಸರಿಗೇನು ಬಿಡ್ರಿ. ದನ ಕರ ತರ್ತಾರೆ. ನಾಯಿ ಬೆಕ್ಕು ತರೋದು ನಿಂತೇಹೋತು. ನಾಯಿಗೆ ಸುಣ್ಣ ತಿನ್ಸೋನ ಹತ್ರ ಯಾರು ತರ್ತಾರೆ? ನಾನು ಹೇಳೋದು ಬರೀ ಊಟದ ಮಾತು. ಅದನ್ನ ಹೇಳಾಕೆ ಈ ಊರಾಗೆ ಇನ್ನೊಬ್ಬರಿಲ್ಲ.”

ಎಷ್ಟು ಮರಿಗಳು ಬಾಗಿದ ಕಾಲಿನಲ್ಲಿ ತೆವಳಿ ಸತ್ತಿರಬಹುದು, ನಾನು ನಾಲ್ಕು ಪುಟ ನಗಿಸಿದ್ದಕ್ಕೆ? ಕೂತಲ್ಲಿ ಕೂರಲಾಗಲಿಲ್ಲ. ಗೌರಕ್ಕನ ಮನೆಗೆ ಬಂದವನೇ ಅವಳ ಬೆಕ್ಕನ್ನು ನೋಡಿದೆ. ಹಾಲನ್ನವನ್ನೇ ತಿಂದು ಬೆಳೆದ ಆ ಬೆಕ್ಕಿನ ಬೆನ್ನಿನ ಕೂದಲು ಅಂಗೈಯಗಲ ಉದುರಿತ್ತು, ಕಣ್ಣು ಸದಾ ಒದ್ದೆ. ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಓಣಿಯಲ್ಲಿ ಹೋಗದೆ ಬೇಕೆಂದೇ ಪೇಟೆಯ ಮಧ್ಯದಲ್ಲಿ ನಡೆದೆ. ಬೆಕ್ಕು ನನ್ನ ಕುತ್ತಿಗೆಯನ್ನು ಪರಚಿ ರಕ್ತ ಬರಿಸಿತು. ತಿಪ್ಪಣ್ಣನವರು ಅದರ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಒಸಡು ನೋಡಿ, ಏನು ಹಾಕುತ್ತೀರಿ ಎಂದು ಕೇಳಿದರು. ಬೆಕ್ಕು ಹಾಲು ಕುಡಿಯುವುದು ಚಪಲಕ್ಕೆ, ಬದುಕುವುದು ಮಾಂಸದ ಮೇಲೆ ಎಂದರು. ಉಪ್ಪು ಹಾಕದೆ ಬೇಯಿಸಿದ ಮೀನು, ಮುಳ್ಳು ತೆಗೆದು, ದಿನಕ್ಕೆ ಒಂದು ಹೊತ್ತಾದರೂ. ಗೌರಕ್ಕ ಕೇಳಿ ಬಾಯಿಗೆ ಸೆರಗು ಹಚ್ಚಿದಳು. ಕೊನೆಗೆ, ಹಿತ್ತಲಿನಾಚೆ ಮೂರು ಕಲ್ಲು ಹೂಡಿ ನೀನೇ ಬೇಯಿಸುವುದಾದರೆ ಮಾಡಿಕೋ ಎಂದಳು.

ಹೀಗಾಗಿ, ಹುಟ್ಟಿದಂದಿನಿಂದ ಮೀನಿನ ಗಾಳಿಗೆ ಮೂಗು ಮುಚ್ಚಿಕೊಂಡವನು, ಹಣೆಯ ಮೇಲೆ ಗೌರಕ್ಕ ಬಲವಂತವಾಗಿ ಹಚ್ಚಿದ ವಿಭೂತಿಯೊಂದಿಗೆ, ಸೇತುವೆಯ ಕೆಳಗೆ ತುಂಗಭದ್ರೆಯ ದಂಡೆಯಲ್ಲಿ ಮೀನು ಮಾರುವ ಹೆಂಗಸಿನ ಮುಂದೆ ನಿಂತಿದ್ದೆ. ಯಾವ ಮೀನು ಎಂದು ಅವಳು ಕೇಳಿದರೆ ಹೇಳಲು ಗೊತ್ತಿಲ್ಲ. ಹಿಂದಿನಿಂದ ಯಾರೋ ಮೇಷ್ಟ್ರೇ ಎಂದರು. ಜವಳಿ ಅಂಗಡಿಯ ವಿರೂಪಾಕ್ಷಪ್ಪ. ಹೊಳೆಗೆ ಸ್ನಾನಕ್ಕೆ ಬಂದವರು, ಒದ್ದೆ ಪಂಚೆಯಲ್ಲಿ, ಕಣ್ಣು ಅರಳಿಸಿಕೊಂಡು.

“ಬೆಕ್ಕಿಗೆ” ಎಂದೆ. “ತಿಪ್ಪಣ್ಣನವರು ಹೇಳಿದಾರೆ.”

ಯಾವ ತಿಪ್ಪಣ್ಣ ಎಂದು ಅವರು ಹುಬ್ಬು ಗಂಟಿಕ್ಕಿದರು. ಅವರಿಗೆ ನಿಜವಾಗಿಯೂ ಹೊಳೆಯಲಿಲ್ಲ. ಹೆಸರು ಅಷ್ಟು ಪೂರ್ತಿಯಾಗಿ ಅಳಿಸಿಹೋಗಿತ್ತು. ಮೀನಿನ ಹೆಂಗಸೇ, ಅವರೇ ಸುಣ್ಣದ ಕಂಪೌಂಡ್ರು ಎಂದು ನೆನಪು ಮಾಡಿಕೊಟ್ಟಳು. ವಿರೂಪಾಕ್ಷಪ್ಪ ದೊಡ್ಡದಾಗಿ ನಕ್ಕರು. ಅವರ ಮಾತು ಕೇಳಿ ನೀವು ಮೀನು ಹಿಡಿದಿರಾ, ಅವರ ಮೇಲೆ ಬರೆದವರೇ ನೀವಲ್ಲವೇ ಎಂದರು.

“ಸುಣ್ಣ ಕೊಡ್ರಿ ಅಂತ ಬರೆದೋನು ನಾನ್ರಿ. ಅವರಲ್ಲ.”

“ನೀವು ಬರೆದಿದ್ದು ಗೊತ್ತೈತಲ್ರಿ, ನಾವೇ ಓದಿಸಿ ಕೇಳಿದೀವಿ.”

ಆ ಬರೆದದ್ದಲ್ಲ ಎಂದೆ. ಅದಕ್ಕೂ ಹಿಂದೆ ಬರೆದದ್ದು, ಒಂದು ಕಾರ್ಡು. ಅವರಿಗೆ ಅರ್ಥವಾಗಲಿಲ್ಲ. ಇನ್ನೇನು ಮಾಡಲಿ, ಹೊಟ್ಟಿನ ರಾಶಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಮಂಡಕ್ಕಿ, ಬಾಗಿದ ಕಾಲು, ಅತ್ತೆಯ ಕಾಗದ, ನನ್ನ ‘ಕುಡಿಸತಕ್ಕದ್ದು’, ಬೆಂದ ನಾಲಗೆ, ಸೆರಗೊಡ್ಡಿದ ಅತ್ತೆ, ಹೂಂ ಎಂದ ಮನುಷ್ಯ. ಯಾರ ದನಿಯನ್ನೂ ಅನುಕರಿಸಲಿಲ್ಲ. ಬಟ್ಟೆ ಒಗೆಯುತ್ತಿದ್ದ ಇಬ್ಬರು ಬಂದು ನಿಂತರು. ಮೀನಿನ ಹೆಂಗಸು ಕತ್ತಿಯನ್ನು ಹಾಗೇ ಹಿಡಿದುಕೊಂಡು ಕೇಳಿದಳು. ಈ ಕಥೆಯನ್ನು ನಾನು ಹೇಳಿದಾಗ ಯಾರೂ ನಗದೇ ಇದ್ದದ್ದು ಅದೇ ಮೊದಲು. ವಿರೂಪಾಕ್ಷಪ್ಪ ಪಂಚೆಯ ತುದಿಯನ್ನು ಹಿಂಡುತ್ತ ನಿಂತರು, ಹಿಂಡಿ ನೀರು ಮುಗಿದ ಮೇಲೂ ಹಿಂಡಿದರು.

“ಹಂಗಾರೆ ಸುಣ್ಣದ ಮೇಷ್ಟ್ರು ಅನ್ನಬೇಕಾತು ನಿಮ್ಗೆ” ಎಂದಳು ಮೀನಿನ ಹೆಂಗಸು.

ಹೌದವ್ವ ಎಂದೆ. ಕೇಳಿಸದವರು ಯಾರಾದರೂ ಇದ್ದಾರೇನೋ ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಹೌದು ಎಂದೆ.